ಓದಿ ಹೇಳಿದ ನೆನಪು

೨೦೧೯ರ ಸೆಪ್ಟೆಂಬರ್ ೧೨, ಗುರುವಾರ, ಬೆಳಗ್ಗೆ ಹತ್ತು ಗಂಟೆ ಇಪ್ಪತ್ತು ನಿಮಿಷಕ್ಕೆ ಡ್ರೈವರಜ್ಜ ಕೋಟಿನ ಎರಡನೆಯ ಗುಂಡಿಗಾಗಿ ತಡಕಾಡುತ್ತಿದ್ದ. ಈಚೆಗೆ ಕೋಟು ಹಾಕಿಕೊಳ್ಳದೆ ಅವನು ಯುದ್ಧದ ಮಾತೆತ್ತುತ್ತಿರಲಿಲ್ಲ. ಬೆರಳುಗಳು ಗುಂಡಿಯ ಹತ್ತಿರ ಹೋಗಿ, ಅದನ್ನು ಮುಟ್ಟಿ, ಏನು ಮಾಡಲು ಬಂದೆವೆಂಬುದನ್ನು ಮರೆತವರಂತೆ ಹಿಂದಕ್ಕೆ ಬರುತ್ತಿದ್ದವು. ಸೊಸೆ ಬಗ್ಗಿ ಹಾಕಿಕೊಡಲು ಹೋದರೆ ಅವಳ ಕೈ ತಳ್ಳಿದ.

"ಬಿಡಮ್ಮ, ನಾನೇನು ಮಗು ಅಲ್ಲ."

"ಮಗು ಆಗಿದ್ದಿದ್ರೆ ಇಷ್ಟೊತ್ತಿಗೆ ಸ್ಕೂಲಿಗೆ ಅಟ್ಟಿ ಆರಾಮಾಗಿ ಇರ್ತಿದ್ದೆ ಮಾವ," ಎಂದು ಸೊಸೆ ಚಹಾಕ್ಕೆ ನೀರಿಡಲು ಒಳಗೆ ಹೋದಳು.

ಎದುರಿನ ಕುರ್ಚಿಯಲ್ಲಿ ಕೂತಿದ್ದ ಹೆಂಗಸು ನಗಲಿಲ್ಲ. ಆರು ತಾಸು ಬಸ್ಸಿನಲ್ಲಿ ಕೂತು ಬಂದವಳ ಪಾದಗಳು ಊದಿ ಚಪ್ಪಲಿಯ ಪಟ್ಟಿಯ ಗುರುತು ಮೂಡಿತ್ತು. ವಯಸ್ಸು ಅರವತ್ತೆಂಟು. ಆದರೂ ಹಳೆಯ ಸೈನಿಕರ ನೆನಪು ಬರೆದಿಡುವ ಬಳಗದವರೆಲ್ಲ ಅವಳನ್ನು ಕರೆಯುತ್ತಿದ್ದದ್ದು 'ಅಡುಗೆ ಹುಡುಗನ ತಂಗಿ' ಎಂದೇ. ಅಣ್ಣ ಇಪ್ಪತ್ತೊಂದಕ್ಕೇ ನಿಂತುಬಿಟ್ಟಿದ್ದರಿಂದ ತಂಗಿಗೂ ವಯಸ್ಸಾಗಲು ಯಾರೂ ಬಿಟ್ಟಿರಲಿಲ್ಲ.

ಇಬ್ಬರ ನಡುವೆ, ಸ್ವಲ್ಪ ಹಿಂದಕ್ಕೆ, ಸ್ಟೂಲಿನ ಮೇಲೆ ಲ್ಯಾಬಮ್ಮ ಕೂತಿದ್ದಳು. ಮೂವತ್ತೊಂದು ವರ್ಷ ನಗರದ ಕುಡಿಯುವ ನೀರನ್ನು ಪರೀಕ್ಷೆ ಮಾಡುವ ಪ್ರಯೋಗಾಲಯದಲ್ಲಿ ದುಡಿದು ನಿವೃತ್ತಳಾದವಳು. ಆ ಹೆಸರು ಅಲ್ಲಿಂದಲೇ ಅಂಟಿಕೊಂಡು ಬಂದದ್ದು. ಮೂರು ವರ್ಷದ ಹಿಂದೆ ಬಳಗ ಸೇರಿದಳು. ಬಳಗದವರು ಯುದ್ಧ ಮಾಡಿ ಬಂದ ಮುದುಕರ ಮನೆಗಳಿಗೆ ಹೋಗುತ್ತಿದ್ದರು: ಆಸ್ಪತ್ರೆಗೆ ಕರೆದೊಯ್ಯುವುದು, ಕಿವಿಯ ಯಂತ್ರಕ್ಕೆ ಬ್ಯಾಟರಿ ಹಾಕುವುದು, ಸಹಿ ಬೇಕಾದಲ್ಲಿ ಕೈ ಹಿಡಿದು ಸಹಿ ಮಾಡಿಸುವುದು. ಅದರ ಜೊತೆಗೆ ಅವರು ಕಂಡದ್ದನ್ನು ಕೇಳಿ, ಬರೆದು, ಕೊನೆಗೆ ಕ್ಯಾಮರಾದ ಮುಂದೆ ಹೇಳಿಸಿ ಉಳಿಸುವುದು. ಬರುವ ಭಾನುವಾರ ದೊಡ್ಡ ಸಭಾಂಗಣದಲ್ಲಿ ಏಳು ಜನರ ಚಿತ್ರ ತೋರಿಸುವವರಿದ್ದರು. ಅವುಗಳಲ್ಲಿ ಡ್ರೈವರಜ್ಜನದೇ ಎಲ್ಲಕ್ಕಿಂತ ಚೆನ್ನಾಗಿದೆ ಎಂದು ನೋಡಿದವರೆಲ್ಲ ಹೇಳಿದ್ದರು. ತಂಗಿಗೂ ಆಮಂತ್ರಣ ಹೋಗಿತ್ತು. ಅವಳು ಫೋನ್ ಮಾಡಿ, ಭಾನುವಾರಕ್ಕೆ ಮೊದಲೇ ಆ ಡ್ರೈವರನ್ನು ನೋಡಬೇಕೆಂದಳು. ಬಳಗದ ಕಾರ್ಯದರ್ಶಿಗೆ ಅದು ಹಿಡಿಸಲಿಲ್ಲ. ಲ್ಯಾಬಮ್ಮನೇ, ಒಂದಿಷ್ಟು ಹೆಮ್ಮೆಯಿಂದಲೇ, ಕರೆದುಕೊಂಡು ಬಂದಿದ್ದಳು.

"ಯಜಮಾನ್ರೇ," ಎಂದಳು ತಂಗಿ, ಅಜ್ಜನ ಗುಂಡಿ ಕೂತ ಮೇಲೆ. "ನಂಗೆ ಮೆಡಲು ಬೇಡ, ಹಾರ ಬೇಡ. ನಮ್ಮಣ್ಣ ಕಾಣೆಯಾಗಿದಾನೆ ಅಂತ ಒಂದು ಕಾಗದ ಬಂತು, ಅಷ್ಟೇ. ಹೆಣ ಬರ್ಲಿಲ್ಲ. ಕಾಣೆಯಾಗೋದು ಅಂದ್ರೇನು, ಸೂಜೀನಾ? ಊರೋರು ಓಡಿಹೋದ ಅಂದ್ರು. ನಮ್ಮಪ್ಪ ಅಂಗಡಿಗೆ ಹೋಗೋದು ಬಿಟ್ರು. ಇಪ್ಪತ್ತು ವರ್ಷ ಆದ್ಮೇಲೆ ನಿಮ್ಮ ರೆಜಿಮೆಂಟಿನೋರು ಒಂದು ಪುಸ್ತಕ ಅಚ್ಚು ಹಾಕಿದ್ರಲ್ಲ, ಅದ್ರಲ್ಲಿ ಒಂದು ಸಾಲು ಇದೆ, ಲಾರಿಯಲ್ಲಿ ಸತ್ತ ಅಂತ. ಯಾರು ನೋಡಿದ್ರು ಅಂತ ಇಲ್ಲ. ನೋಡಿದೋರಲ್ಲಿ ಉಳಿದಿರೋದು ನೀವೊಬ್ರೇ ಅಂತಾರೆ ಇವ್ರು. ನಿಮ್ಮ ಬಾಯಿಂದ ಒಂದ್ಸಲ ಕೇಳಿಬಿಟ್ರೆ ನಂಗೆ ಸಾಕು."

ಅಜ್ಜ ತಲೆಯಾಡಿಸಿದ. ಕೈಗಳನ್ನು ಮೊಣಕಾಲ ಮೇಲೆ ಇಟ್ಟುಕೊಂಡ, ಕ್ಯಾಮರಾದ ಮುಂದೆ ಇಟ್ಟುಕೊಂಡಿದ್ದ ಹಾಗೆಯೇ. ಅವನ ದನಿ ಬದಲಾಯಿತು.

"ಅಂದು ಇಳಿಹೊತ್ತು. ಸೇತುವೆಯ ಆಚೆ ಹೊಗೆ ಎದ್ದಿತ್ತು. ನನ್ನ ಲಾರಿಯಲ್ಲಿ ಹನ್ನೊಂದು ಮಂದಿ ಗಾಯಾಳುಗಳಿದ್ದರು. ಅವರಲ್ಲಿ ನಮ್ಮ ತುಕಡಿಯ ಅಡುಗೆ ಹುಡುಗನೂ ಒಬ್ಬ. ಎಲ್ಲರಿಗೂ ಬಡಿಸಿ ಕೊನೆಗೆ ಉಣ್ಣುತ್ತಿದ್ದವನು. ಅವನ ತಲೆ ನನ್ನ ಮಡಿಲಲ್ಲಿತ್ತು. ನೀರು ಎಂದ. ಕೊಟ್ಟೆ. ಒಂದು ಗುಟುಕು ಕುಡಿದ, ಎರಡು ಗುಟುಕು ಕುಡಿದ. ಮೂರನೆಯದು ತುಟಿಯಂಚಿನಿಂದ ಹರಿದುಹೋಯಿತು. ಸೇತುವೆ ದಾಟುವ ಮೊದಲೇ ಅವನು ನಮ್ಮನ್ನು ದಾಟಿ ಹೋಗಿದ್ದ."

ಲ್ಯಾಬಮ್ಮನಿಗೆ ಪ್ರತಿ ಸಲವೂ ಮೈ ಜುಮ್ಮೆನ್ನಿಸುತ್ತಿದ್ದದ್ದು ಆ ಮೂರನೆಯ ಗುಟುಕು. ಇವತ್ತೂ ಹಾಗೆಯೇ ಆಯಿತು. ತಂಗಿಯ ಕಣ್ಣು ಒದ್ದೆಯಾಗಿತ್ತು. ಸೆರಗಿನಿಂದ ಒರೆಸಿಕೊಂಡಳು. ಆಮೇಲೆ ಮೆಲ್ಲಗೆ, ಮನೆಯವರನ್ನು ಕೇಳುವ ಹಾಗೆ ಕೇಳಿದಳು.

"ಲಾರಿ ನಿಲ್ಸಿದ್ರಾ, ಆಗ?"

"ನಿಲ್ಸೋದೆಲ್ಲಿ ಬಂತಮ್ಮ," ಎಂದ ಅಜ್ಜ. ಪುಸ್ತಕದ ದನಿ ಹೋಗಿ ಮನೆಯ ದನಿ ಬಂದಿತ್ತು. "ಹಿಂದುಗಡೆ ಧಡಧಡ ಬೀಳ್ತಾ ಇತ್ತು. ನಿಂತ್ರೆ ಕಥೆ ಮುಗೀತು."

"ಓಡಿಸ್ತಿದ್ದೋರು ಯಾರು?"

"ನಾನೇ. ನನ್ನ ಲಾರಿ ಸ್ಟೇರಿಂಗು ಇನ್ನೊಬ್ಬರ ಕೈಗೆ ಕೊಟ್ಟೋನೇ ಅಲ್ಲ ನಾನು. ಎಂಟು ವರ್ಷ ಅದೇ ಲಾರಿ."

ಒಳಗೆ ಚಹಾದ ಪಾತ್ರೆಯ ಮುಚ್ಚಳ ಸದ್ದು ಮಾಡಿತು.

"ಹಾಗಾದ್ರೆ ನಮ್ಮಣ್ಣನ ತಲೆ ಯಾರ ಮಡಿಲಲ್ಲಿತ್ತು ಯಜಮಾನ್ರೇ?"

ಅಜ್ಜ ಬಾಯಿ ತೆರೆದ. ಎರಡೂ ಕೈ ಮೊಣಕಾಲಿನಿಂದ ಮೇಲಕ್ಕೆದ್ದು ಗಾಳಿಯಲ್ಲಿ ಒಂದು ದುಂಡನೆಯ ವಸ್ತುವನ್ನು ಹಿಡಿದುಕೊಂಡವು. ಅವನು ಕೈಗಳನ್ನು ನೋಡಿದ, ಮಡಿಲನ್ನು ನೋಡಿದ, ಮತ್ತೆ ಕೈಗಳನ್ನು ನೋಡಿದ. ಆಮೇಲೆ ಸ್ಟೂಲಿನ ಕಡೆ ತಿರುಗಿದ.

"ನೀವು ಬರ್ಕೊಂಡಿದ್ರಲ್ಲ, ಅದ್ರಲ್ಲಿ ಏನಂತ ಇದೆ ಲ್ಯಾಬಮ್ಮ? ಸ್ವಲ್ಪ ನೋಡಿ ಹೇಳಿ."

ತಂಗಿ ಕೇಳಿದ ಪ್ರಶ್ನೆ ಎರಡು ವರ್ಷದಲ್ಲಿ ಯಾರಿಗೂ ಹೊಳೆದಿರಲಿಲ್ಲ. ಲ್ಯಾಬಮ್ಮ ಆ ಚಿತ್ರವನ್ನು ಮೂವತ್ತು ಸಲವಾದರೂ ನೋಡಿದ್ದಳು. ಕಾರ್ಯದರ್ಶಿ ನೋಡಿ ಕನ್ನಡಕ ಒರೆಸಿಕೊಂಡಿದ್ದ. ಪ್ರತ್ಯಕ್ಷ ಕಂಡರೂ ಪ್ರಮಾಣಿಸಿ ನೋಡು ಎಂಬ ಗಾದೆಯನ್ನು ಪ್ರಯೋಗಾಲಯದ ಗೋಡೆಗೆ ಬರೆಸಿ ಹಾಕಿದ್ದವಳು ಅವಳೇ.

ಎರಡು ವರ್ಷದ ಹಿಂದಿನ ಆ ಮೊದಲ ಗುರುವಾರ ಅವಳಿಗೆ ಚೆನ್ನಾಗಿ ನೆನಪಿತ್ತು. ಅಜ್ಜ ಅಂದು ಕೋಟು ಹಾಕಿಕೊಂಡಿರಲಿಲ್ಲ, ಬನಿಯನ್ನಿನಲ್ಲಿ ಕೂತು ಉಗುರು ಕತ್ತರಿಸಿಕೊಳ್ಳುತ್ತ ಹೇಳಿದ್ದ. "ಅಡುಗೆಯವನ್ನ ಇಳಿಸಿಬಿಟ್ವಿ ಕಣಮ್ಮ. ಎದೆಗೆ ಗುಂಡು ಬಿದ್ದೋನು ಒಬ್ಬ ಸಿಕ್ದ, ಅವನನ್ನ ಮಲಗಿಸೋಕೆ ಜಾಗ ಬೇಕಿತ್ತು. ಇವನಿಗೆ ಕಾಲಿಗೆ ಮಾತ್ರ ಪೆಟ್ಟು. ಒಂದು ಕೋಲು ಕೊಡಿ, ನಡ್ಕೊಂಡು ಬರ್ತೀನಿ ಅಂದ. ಕೊಟ್ವಿ." ಅಷ್ಟು ಹೇಳಿ, ಉಗುರಿನ ಚೂರುಗಳನ್ನು ಅಂಗೈಗೆ ಬಳಿದುಕೊಂಡು ಕಿಟಕಿಯಿಂದ ಆಚೆ ಹಾಕಿದ್ದ.

ಪುಸ್ತಕದಲ್ಲಿ ಬೇರೆ ಇತ್ತು. ಅಜ್ಜ ಅದೇ ದಿನ ತಿಂಗಳನ್ನು ತಪ್ಪು ಹೇಳಿದ್ದ, ಸೇತುವೆಯ ಹೆಸರನ್ನೂ ತಪ್ಪು ಹೇಳಿದ್ದ. ಮಾಪಕ ಅಳತೆ ತಪ್ಪಿದರೆ, ಅಳತೆ ಗೊತ್ತಿರುವ ದ್ರಾವಣದಲ್ಲಿ ಅದ್ದಿ ಸರಿ ಮಾಡಿಕೊಳ್ಳುವುದು ಅವಳ ಕೆಲಸದ ಕ್ರಮ. ಇಲ್ಲಿ ಪುಸ್ತಕವನ್ನೇ ಆ ದ್ರಾವಣ ಮಾಡಿಕೊಂಡಳು. ಮುಂದಿನ ಗುರುವಾರ ಕೇಳಿದ್ದಳು: "ಅಜ್ಜ, ಹುಡುಗ ಲಾರಿಯಲ್ಲೇ ತೀರ್ಕೊಂಡಿರಬಹುದಲ್ವಾ?" ಅಜ್ಜ ತಡವರಿಸುತ್ತ, "ಇರಬಹುದು," ಎಂದಿದ್ದ. ಅವಳು ಬರೆದುಕೊಂಡಳು.

ಅವಳದೊಂದು ಪದ್ಧತಿಯಿತ್ತು. ಪ್ರತಿ ವಾರ ಶುರು ಮಾಡುವ ಮೊದಲು, ಹಿಂದಿನ ವಾರ ಹೇಳಿದ್ದನ್ನು ಅಚ್ಚುಕಟ್ಟಾಗಿ ಬರೆದು ತಂದು ಅಜ್ಜನಿಗೆ ಓದಿ ಹೇಳುವುದು. ಮುದುಕರಿಗೆ ಎಳೆ ಸಿಗುತ್ತದೆ, ಮಾತು ಮುಂದೆ ಹೋಗುತ್ತದೆ. ಅದರ ಮುಂದಿನ ವಾರ ಓದಿದಾಗ 'ಲಾರಿಯಲ್ಲೇ ತೀರಿಕೊಂಡ' ಎಂದಿತ್ತು. ಅಜ್ಜ ತಲೆಯಾಡಿಸಿದ. "ಹತ್ತಿರದಲ್ಲಿ ಯಾರಿದ್ರು ಅಜ್ಜ? ನೀವೇ ಇದ್ರಾ?" ಅಜ್ಜ ಹೂಂ ಎಂದ. "ತಲೆ ಮಡಿಲಲ್ಲಿ ಇಟ್ಕೊಂಡಿದ್ರಾ?" ಹೂಂ. "ನೀರು ಕೇಳಿದ್ನಾ?" ಕೇಳಿದ. ವಾರ ಕಳೆದಂತೆ ಅಜ್ಜನ ತಡವರಿಕೆ ಕಡಿಮೆಯಾಯಿತು. ಒಂದು ದಿನ ಅವಳು ಓದುವ ಮೊದಲೇ ಇಡೀ ಪುಟವನ್ನು ಒಪ್ಪಿಸಿದ. "ಈಗ ಸರಿಯಾಯ್ತು ಅಜ್ಜ," ಎಂದು ಅವಳು ಸಂತೋಷದಿಂದ ಅವನ ಕೈ ಒತ್ತಿದ್ದಳು. ಬಳಗದ ಸಭೆಯಲ್ಲಿ ಈ ಪದ್ಧತಿಯನ್ನು ಎಲ್ಲರೂ ಅನುಸರಿಸಬೇಕೆಂದು ತೀರ್ಮಾನವಾಗಿತ್ತು.

ನೀರು ತುಂಬಿಸುವ ಸೀಸೆಯಲ್ಲಿ ಹಿಂದಿನ ನೀರಿನ ಒಂದು ಹನಿ ಉಳಿದರೂ ಹೊಸ ನೀರಿನ ಲೆಕ್ಕ ಕೆಡುತ್ತದೆ ಎಂದು ಕೈಕೆಳಗಿನವರಿಗೆ ಮೂವತ್ತೊಂದು ವರ್ಷ ಬೈದಿದ್ದಳು.

"ಲ್ಯಾಬಮ್ಮ," ಎಂದ ಅಜ್ಜ ಮತ್ತೆ. "ಅದ್ರಲ್ಲಿ ಇರುತ್ತೆ, ನೋಡಿ."

ತಂಗಿಯೂ ಈಗ ಇವಳ ಕಡೆ ತಿರುಗಿದ್ದಳು. "ಏನಮ್ಮ? ಇವ್ರು ಮೊದಲಿಂದ್ಲೂ ಹೀಗೇ ಹೇಳ್ತಿದ್ರಾ?"

ಹೌದು ಎಂದರೆ ಮುಗಿಯುತ್ತಿತ್ತು. ಮುದುಕರು, ಗೊಂದಲ ಮಾಡಿಕೊಂಡಿದ್ದಾರೆ, ಬೇರೆ ಯಾರದೋ ಮಡಿಲು ಇರಬೇಕು ಎಂದರೆ ತಂಗಿ ನಂಬುತ್ತಿದ್ದಳು; ನಂಬಬೇಕೆಂದೇ ಆರು ತಾಸು ಬಸ್ಸಿನಲ್ಲಿ ಬಂದವಳು. ಲ್ಯಾಬಮ್ಮನ ಬಾಯಲ್ಲಿ ಮಾತು ಬಿಸಿ ತುಪ್ಪದ ಹಾಗೆ ಕೂತಿತು. ಕೊನೆಗೆ ಉಗುಳಿದಳು.

"ಇಲ್ಲ ಅಕ್ಕ. ಮೊದಲನೇ ದಿನ ಬೇರೆ ಹೇಳಿದ್ರು."

ಅವಳು ಹೇಳುತ್ತಿದ್ದಷ್ಟು ಹೊತ್ತೂ ತಂಗಿ ಅಲುಗಾಡಲಿಲ್ಲ. ಅಲುಗಾಡಿದವನು ಅಜ್ಜ. ಕುರ್ಚಿಯ ಕೈ ಹಿಡಿದು ಏಳಲು ನೋಡಿದ.

"ಯಾರು? ನಾನಾ? ಜೀವ ಇರೋನ್ನ ದಾರೀಲಿ ಇಳಿಸಿ ಬಂದೆ ಅಂತ ನಾನು ಹೇಳಿದ್ನಾ?"

"ಅಜ್ಜ, ನೀವು ಇಳಿಸಿದ್ದಲ್ಲ, ಅವನೇ..."

"ನನ್ನ ಮಡಿಲಲ್ಲಿ ಸತ್ತ ಹುಡುಗ ಅವನು. ಈಗ್ಲೂ ಈ ತೊಡೆ ಮೇಲೆ ಅವನ ತಲೆ ಭಾರ ಇದೆ. ನಿಮಗೇನು ಗೊತ್ತು? ನೀವೇನು ಅಲ್ಲಿದ್ರಾ?" ಅವನ ಕಣ್ಣಿಂದ ನೀರು ಇಳಿಯಿತು. "ನೀವೇ ತಾನೇ ಬರೆದದ್ದು? ಈಗ ಸರಿಯಾಯ್ತು ಅಜ್ಜ ಅಂದೋರು ನೀವೇ ತಾನೇ? ಇವತ್ತು ಸರಿ ಇಲ್ವಾ?"

ಚಹಾ ತಟ್ಟೆ ಹಿಡಿದು ಬಂದ ಸೊಸೆ ಬಾಗಿಲಲ್ಲೇ ನಿಂತಳು. ಮಾವ ಅಳುವುದನ್ನು ಅವಳು ನೋಡಿರಲಿಲ್ಲ. ಗಂಡ ತೀರಿಕೊಂಡಾಗಲೂ ಆತ ಅತ್ತಿರಲಿಲ್ಲ. ತಟ್ಟೆಯನ್ನು ನೆಲದ ಮೇಲಿಟ್ಟು ಬಂದು ಅವನ ಬೆನ್ನ ಮೇಲೆ ಕೈಯಿಟ್ಟಳು.

"ಏನಕ್ಕ ಇದು? ಎರಡು ವರ್ಷದಿಂದ ಹೇಳಿಸಿ ಹೇಳಿಸಿ, ಈಗ ಬಂದು ಸುಳ್ಳು ಅಂತೀರಾ? ಅವ್ರಿಗೆ ಉಳಿದಿದ್ದೇ ಅದೊಂದು. ನನ್ನ ಹೆಸರು ವಾರಕ್ಕೆ ಎರಡು ಸಲ ಮರೀತಾರೆ, ಅದನ್ನ ಮರೆತಿಲ್ಲ. ಎದ್ದೇಳಿ. ಇಬ್ರೂ ಎದ್ದೇಳಿ."

ಬೀದಿಯ ಕೊನೆಯ ಬಸ್ ನಿಲ್ದಾಣದವರೆಗೆ ಇಬ್ಬರೂ ನಡೆದುಹೋದರು. ಟೈರಿಗೆ ಪಂಕ್ಚರ್ ಹಾಕುವವನೊಬ್ಬ ಟ್ಯೂಬನ್ನು ನೀರಿನಲ್ಲಿ ಮುಳುಗಿಸಿ ಗುಳ್ಳೆ ಎಲ್ಲಿಂದ ಏಳುತ್ತದೆ ಎಂದು ನೋಡುತ್ತಿದ್ದ. ನಿಲ್ದಾಣದ ಕಲ್ಲುಬೆಂಚಿನ ಮೇಲೆ ತಂಗಿ ಕಾಲು ಚಾಚಿ ಕೂತಳು.

"ಮೊದಲನೇ ದಿನದ್ದು ರೆಕಾರ್ಡ್ ಇರ್ಬೇಕಲ್ಲ?"

"ಅಳಿಸಿಬಿಟ್ಟೆ."

"ಯಾಕೆ?"

"ಬರೆದಾದ ಮೇಲೆ ಅಳಿಸೋದು ನನ್ನ ಅಭ್ಯಾಸ. ಲೆಕ್ಕ ಬರ್ಕೊಂಡ ಮೇಲೆ ಸೀಸೆ ತೊಳೆದಿಡ್ತಿದ್ವಿ."

ತಂಗಿಯ ಗಂಟಲಿನಿಂದ ನಗೆಯಂಥದ್ದೊಂದು ಬಂತು. "ಶುದ್ಧ ಇದ್ದೀರಿ."

ಬಸ್ಸೊಂದು ಬಂದು ಹೋಯಿತು, ಅದು ಅವಳದಲ್ಲ.

"ನಡ್ಕೊಂಡು ಬರ್ತೀನಿ ಅಂದ್ನಂತಲ್ಲ," ಎಂದಳು ತಂಗಿ. "ಕೋಲು ಕೊಟ್ರಂತಲ್ಲ. ಯಾವ ಕಡೆ ನಡೆದ ಅಂತ ಹೇಳಿದ್ರಾ?"

ಲ್ಯಾಬಮ್ಮ ಇಲ್ಲವೆಂದು ತಲೆಯಾಡಿಸಿದಳು.

"ಲಾರಿ ಹಿಂದೇನೇ ಬಂದ್ನಾ? ಹೊಲದ ಕಡೆ ಇಳಿದ್ನಾ? ತಿರುಗಿ ನೋಡಿದ್ರಾ ಯಾರಾದ್ರೂ, ಕನ್ನಡಿಯಲ್ಲಾದ್ರೂ?"

"ನಾನು ಕೇಳ್ಲಿಲ್ಲ ಅಕ್ಕ."

"ಊರೋರೂ ಅದನ್ನೇ ಕೇಳ್ತಿದ್ರು. ಯಾವ ಕಡೆ ನಡೆದ ಅಂತ." ಚೀಲದ ಹಿಡಿಯನ್ನು ಬೆರಳಿಗೆ ಸುತ್ತಿ ಬಿಡಿಸಿದಳು. "ಬೆಳಗಿನ ಜಾವ ಮನೆಯಿಂದ ಹೊರಟಾಗ ನನ್ನ ಹತ್ರ ಒಂದು ಸಾವಿತ್ತು ನೋಡಿ. ಪುಸ್ತಕದ್ದೋ, ಎಲ್ಲಿಯದೋ. ಒಂದು ಸಾಲು ಅಂದ್ರೂ ಸಾವೇ. ಈಗ ಅದೂ ಇಲ್ಲ, ಅವನೂ ಇಲ್ಲ."

"ನಾನು ಹೇಳಬಾರದಿತ್ತಾ?"

"ಅದನ್ನೂ ನನ್ನೇ ಕೇಳ್ತೀರಾ?" ಎಂದಳು ತಂಗಿ. ದನಿಯಲ್ಲಿ ಸಿಟ್ಟಿರಲಿಲ್ಲ, ದಣಿವಿತ್ತು. ಅವಳ ಬಸ್ಸು ಬಂತು. ಲ್ಯಾಬಮ್ಮ ತೋಳು ಹಿಡಿದು ಮೆಟ್ಟಿಲು ಹತ್ತಿಸಲು ಹೋದಳು. ತಂಗಿ ಕಂಬಿ ಹಿಡಿದು ತಾನೇ ಹತ್ತಿಕೊಂಡಳು.

ಮರುದಿನ ಲ್ಯಾಬಮ್ಮ ಹೋದಾಗ ಕಾರ್ಯದರ್ಶಿ ಸಭಾಂಗಣದಲ್ಲಿ ಕುರ್ಚಿಗಳ ಬೆನ್ನಿಗೆ ಹೆಸರಿನ ಚೀಟಿ ಅಂಟಿಸುತ್ತಿದ್ದ. ಹಿಂದೆ ವಿಮೆ ಮಾರುತ್ತಿದ್ದವನು, ಸಾವಿನ ವಿಷಯವನ್ನು ಯಾರ ಮುಂದೆಯೂ ಅಳುಕದೆ ಮಾತಾಡಬಲ್ಲವನು. ಲ್ಯಾಬಮ್ಮ ಹೇಳಿದ್ದನ್ನೆಲ್ಲ ಹಲ್ಲಿನಲ್ಲಿ ಅಂಟುಪಟ್ಟಿ ಕಚ್ಚಿಕೊಂಡೇ ಕೇಳಿಸಿಕೊಂಡ.

"ಮಡಿಲಿನ ಭಾಗ ತೆಗೆದುಬಿಟ್ರೆ ಆ ಫಿಲ್ಮಲ್ಲಿ ಇನ್ನೇನಿದೆ ಮೇಡಂ? ಜನ ಅಳೋದೇ ಅಲ್ಲಿ. ಮದುವೆಮನೇಲಿ ಮದುಮಗಳನ್ನೇ ಬಚ್ಚಿಟ್ಟ ಹಾಗಾಗುತ್ತೆ."

"ಅದು ನಡೆದಿಲ್ಲ."

"ಪುಸ್ತಕದಲ್ಲೂ ಲಾರಿಯಲ್ಲೇ ಸತ್ತ ಅಂತ ಇದೆಯಲ್ಲ?"

"ಪುಸ್ತಕದಲ್ಲಿದೆ ಅಂತ ನಾನು ಅಜ್ಜನ ಬಾಯಿಗೆ ಹಾಕ್ದೆ. ಈಗ ಅಜ್ಜ ಹೇಳ್ತಾರೆ ಅಂತ ನೀವು ಪುಸ್ತಕ ನಿಜ ಅಂತೀರಿ."

ಕಾರ್ಯದರ್ಶಿ ಅಂಟುಪಟ್ಟಿಯನ್ನು ಬಾಯಿಂದ ತೆಗೆದ. ಸುತ್ತ ನೋಡಿ ದನಿ ತಗ್ಗಿಸಿದ. "ಸರಿ. ಉಳಿದ ಆರು ಜನರ ಕಥೆ?"

"ಏನು?"

"ಅವ್ರಿಗೂ ನಿಮ್ಮ ಪದ್ಧತೀಲೇ ಓದಿ ಹೇಳಿದ್ದಲ್ವಾ? ಅವ್ರದ್ರಲ್ಲಿ ಎಲ್ಲೆಲ್ಲಿ ಕತ್ತರಿ ಹಾಕ್ತೀರಿ? ಗೊತ್ತಿದ್ರೆ ಹೇಳಿ, ಭಾನುವಾರದ ಕಾರ್ಯಕ್ರಮ ಈಗ್ಲೇ ನಿಲ್ಸಿಬಿಡೋಣ."

ಅವಳಿಗೆ ಗೊತ್ತಿರಲಿಲ್ಲ. ಗೊತ್ತಾಗುವ ದಾರಿಯೂ ಇರಲಿಲ್ಲ. ಆರು ಜನರ ಮೊದಲ ದಿನಗಳ ರೆಕಾರ್ಡುಗಳೂ ತೊಳೆದು ಬೋರಲು ಹಾಕಿದ ಸೀಸೆಗಳ ಹಾಗೆ ಖಾಲಿಯಾಗಿದ್ದವು. ಅವರಲ್ಲಿ ಇಬ್ಬರು ಈಗಾಗಲೇ ತೀರಿಕೊಂಡಿದ್ದರು.

"ಇದೊಂದು ನನಗೆ ಗೊತ್ತಿದೆ," ಎಂದಳು. "ಇದನ್ನು ತೆಗೀತೀನಿ. ಇಲ್ಲಾಂದ್ರೆ ಫಿಲ್ಮ್ ನನ್ನ ಕಂಪ್ಯೂಟರಿಂದ ಆಚೆ ಬರಲ್ಲ."

"ತೆಗೆದು ಎರಡು ತುದೀನೂ ಸೇರಿಸಿಬಿಡಿ ಮತ್ತೆ. ಯಾರಿಗೂ ಗೊತ್ತಾಗಲ್ಲ."

"ಸೇರಿಸಲ್ಲ. ತೆಗೆದಷ್ಟು ಜಾಗ ಕಪ್ಪಗೆ ಬಿಡ್ತೀನಿ."

"ಕರೆಂಟ್ ಹೋಯ್ತು ಅಂದ್ಕೋತಾರೆ ಜನ," ಎಂದು ಕಾರ್ಯದರ್ಶಿ ಮುಂದಿನ ಕುರ್ಚಿಗೆ ಹೋದ.

ಭಾನುವಾರ ಸಂಜೆ ಸಭಾಂಗಣ ತುಂಬಿತ್ತು. ಮುಂದಿನ ಸಾಲಿನಲ್ಲಿ ಐದು ಜನ ಮುದುಕರು ಶಾಲು ಹೊದ್ದು ಕೂತಿದ್ದರು. ಡ್ರೈವರಜ್ಜ ಶಾಲನ್ನು ಪಕ್ಕಕ್ಕಿಟ್ಟು ಕೋಟಿನಲ್ಲೇ ಕೂತಿದ್ದ. ಗುಂಡಿಗಳೆಲ್ಲ ಸರಿಯಾಗಿ ಬಿದ್ದಿದ್ದವು. ಲ್ಯಾಬಮ್ಮ ಹತ್ತಿರ ಹೋಗಿ ಮಾತಾಡಿಸಿದಾಗ ಅವನು ಮುಗುಳ್ನಕ್ಕ. ಗುರುವಾರದ್ದು ಅವನಲ್ಲಿ ಉಳಿದಿರಲಿಲ್ಲ. ಪಕ್ಕದಲ್ಲಿದ್ದ ಸೊಸೆ ಮಾತ್ರ ಮುಖ ಆಚೆ ತಿರುಗಿಸಿದಳು. ಎರಡನೆಯ ಸಾಲಿನಲ್ಲಿ ತಂಗಿಯ ಹೆಸರಿನ ಚೀಟಿ ಅಂಟಿಸಿದ ಕುರ್ಚಿ ಖಾಲಿಯಿತ್ತು. ಭಾಷಣಗಳು ಮುಗಿಯುವ ಹೊತ್ತಿಗೆ ಯಾರೋ ಅದರ ಮೇಲೆ ತಮ್ಮ ಚೀಲವಿಟ್ಟರು.

ಲ್ಯಾಬಮ್ಮ ಹಿಂದೆ, ಕಂಪ್ಯೂಟರಿನ ಮುಂದೆ ಕೂತು ಚಿತ್ರ ಶುರು ಮಾಡಿದಳು. ನಾಲ್ಕನೆಯದು ಡ್ರೈವರಜ್ಜನದು. ಪರದೆಯ ಮೇಲೆ ಅವನ ಮುಖ ದೊಡ್ಡದಾಗಿ ಮೂಡಿತು. ಅಂದು ಇಳಿಹೊತ್ತು, ಎಂದಿತು ಆ ಮುಖ. ಸೇತುವೆಯ ಆಚೆ ಹೊಗೆ ಎದ್ದಿತ್ತು. ನನ್ನ ಲಾರಿಯಲ್ಲಿ ಹನ್ನೊಂದು ಮಂದಿ ಗಾಯಾಳುಗಳಿದ್ದರು.

ಪರದೆ ಕಪ್ಪಾಯಿತು.

ಯಾರೋ ಕೆಮ್ಮಿದರು. ಒಂದೆರಡು ತಲೆಗಳು ಹಿಂದಕ್ಕೆ ತಿರುಗಿದವು. ಕಾರ್ಯದರ್ಶಿ ಕತ್ತಲೆಯಲ್ಲೇ ಅರ್ಧ ಎದ್ದು ನಿಂತ. ಅಷ್ಟರಲ್ಲಿ ಮುಂದಿನ ಸಾಲಿನಿಂದ, ಮೈಕಿಲ್ಲದೆ, ಒಂದು ದನಿ ಕೇಳಿಸಿತು.

"ಅವರಲ್ಲಿ ನಮ್ಮ ತುಕಡಿಯ ಅಡುಗೆ ಹುಡುಗನೂ ಒಬ್ಬ. ಎಲ್ಲರಿಗೂ ಬಡಿಸಿ ಕೊನೆಗೆ ಉಣ್ಣುತ್ತಿದ್ದವನು. ಅವನ ತಲೆ ನನ್ನ ಮಡಿಲಲ್ಲಿತ್ತು."

ಕಾರ್ಯದರ್ಶಿ ಮೆಲ್ಲನೆ ಕೂತುಕೊಂಡ. ತಿರುಗಿದ್ದ ತಲೆಗಳು ಮತ್ತೆ ಮುಂದಕ್ಕೆ ತಿರುಗಿದವು. ಅಜ್ಜ ಎಲ್ಲಿಯೂ ತಡವರಿಸಲಿಲ್ಲ. ಕಪ್ಪು ಪರದೆಯನ್ನೇ ನೋಡುತ್ತ, ಅವಳು ಬರೆದು ಓದಿ ಹೇಳಿದ್ದ ಒಂದೊಂದು ಪದವನ್ನೂ ಅದರದರ ಜಾಗದಲ್ಲಿಟ್ಟ. ಮೊದಲ ಗುಟುಕಿನ ನಂತರ, ಚಿತ್ರ ತೆಗೆಯುವಾಗ ಅವಳು ಹೇಳಿಕೊಟ್ಟಿದ್ದಷ್ಟೇ ಹೊತ್ತು ಮಾತು ನಿಲ್ಲಿಸಿದ. ಮೂರನೆಯ ಗುಟುಕಿಗೆ ಬಂದಾಗ ಕತ್ತಲೆಯಲ್ಲಿ ಯಾರೋ ಮೂಗು ಎಳೆದುಕೊಂಡರು. ಸೇತುವೆ ದಾಟುವ ಮೊದಲೇ ಅವನು ನಮ್ಮನ್ನು ದಾಟಿ ಹೋಗಿದ್ದ, ಎಂದು ಅಜ್ಜ ಮುಗಿಸಿದ. ಪರದೆಗೆ ಬೆಳಕು ಬಂತು, ಅವನ ಮುಖ ಮುಂದಿನ ಮಾತನ್ನು ಶುರು ಮಾಡಿತು.

ಲ್ಯಾಬಮ್ಮನ ಮುಂದೆ, ಕಂಪ್ಯೂಟರಿನ ಕೆಳಗಿನ ಮೂಲೆಯಲ್ಲಿ, ಸಮಯದ ಅಂಕಿಗಳು ಓಡುತ್ತಿದ್ದವು. ಕತ್ತಲೆ ಇದ್ದದ್ದು ನಲವತ್ತೊಂದು ಸೆಕೆಂಡು; ಅಜ್ಜನ ಮಾತೂ ಅಷ್ಟೇ.